ಬಣ್ಣದ ಕೆಳಗಿನ ತುಕ್ಕು

ದನದ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತ ಮೊದಲು ಹಿಡಿದು ನೋಡುವುದು ಅದರ ಬಾಯನ್ನು. ಕೊಂಬಿಗೆ ಬಳಿದ ಬಣ್ಣವನ್ನಲ್ಲ. ಹಳೆಯ ಮೋಟಾರು ಕಾರುಗಳನ್ನು ಬಲ್ಲವರ ರೀತಿಯೂ ಇದೇ. ಮೈ ಎಷ್ಟೇ ಮಿರುಗುತ್ತಿರಲಿ, ಅವರು ಮೊದಲು ಮಂಡಿಯೂರಿ ಅದರ ಅಡಿಯನ್ನು ಇಣುಕಿ ನೋಡುತ್ತಾರೆ. ಇಂಗ್ಲೆಂಡಿನಲ್ಲಿ ಇಂಥ ಜನರಿಗೆ ಕೊರತೆಯಿಲ್ಲ. ರಜೆಯ ದಿನ ಗ್ಯಾರೇಜಿನಲ್ಲಿ ಕೈ ಮಸಿ ಮಾಡಿಕೊಳ್ಳುವುದೇ ಅವರಿಗೆ ವಿಶ್ರಾಂತಿ. ಈ ಹವ್ಯಾಸಿಗಳು ಒಂದು ದೂರದರ್ಶನ ಕಾರ್ಯಕ್ರಮವನ್ನು ವರ್ಷಗಟ್ಟಲೆ ತಪ್ಪದೆ ನೋಡಿದ್ದಾರೆ. ತಪ್ಪದೆ ಬೈದೂ ಇದ್ದಾರೆ.

ಆ ಕಾರ್ಯಕ್ರಮದ ಹೆಸರು ‘ವ್ಹೀಲರ್ ಡೀಲರ್ಸ್’. 2003ರಲ್ಲಿ ಡಿಸ್ಕವರಿ ಬಳಗದ ವಾಹಿನಿಯಲ್ಲಿ ಆರಂಭವಾಯಿತು. ಅದರ ಕಥೆಯನ್ನು ನಾಲ್ಕು ಮಾತುಗಳಲ್ಲಿ ಹೇಳಬಹುದು. ಮೈಕ್ ಬ್ರೂವರ್ ಎಂಬ ಮಾತುಬಲ್ಲ ವ್ಯಾಪಾರಿ ಎಲ್ಲಿಂದಲೋ ಒಂದು ಹಳೆಯ ಕಾರನ್ನು ಹುಡುಕಿ, ಚೌಕಾಸಿ ನಡೆಸಿ, ಕೈಕುಲುಕಿ ಕೊಳ್ಳುತ್ತಾರೆ. ಎಡ್ ಚೈನಾ ಎಂಬ ಎಂಜಿನಿಯರು ಅದನ್ನು ಬಿಚ್ಚಿ, ಕೆಟ್ಟುದನ್ನು ಸರಿಪಡಿಸಿ, ಮತ್ತೆ ಜೋಡಿಸುತ್ತಾರೆ. ಬ್ರೂವರ್ ಅದನ್ನು ಹೆಚ್ಚಿನ ಬೆಲೆಗೆ ಮಾರುತ್ತಾರೆ. ಕೊನೆಯಲ್ಲಿ ಕೊಂಡದ್ದೆಷ್ಟು, ಬಿಡಿಭಾಗಗಳಿಗೆ ಆದದ್ದೆಷ್ಟು, ಮಾರಿದ್ದೆಷ್ಟು ಎಂಬ ಲೆಕ್ಕ ತೆರೆಯ ಮೇಲೆ ಮೂಡುತ್ತದೆ. ಮೊದಲ ಸರಣಿಯ ಪೋರ್ಷೆ 924 ಮೊದಲುಗೊಂಡು ಸಾಧಾರಣ ಕುಟುಂಬದ ಕಾರುಗಳವರೆಗೆ ಬಗೆಬಗೆಯ ವಾಹನಗಳು ಈ ಗ್ಯಾರೇಜಿನ ಮೂಲಕ ಹಾದುಹೋಗಿವೆ.

ಚೈನಾ ಅವರ ವಿಷಯವಾಗಿ ಎರಡು ಮಾತು ಹೆಚ್ಚು ಹೇಳಬೇಕು. ಎರಡು ಮೀಟರಿನಷ್ಟು ಎತ್ತರದ ಆಳು. ಕೈಗೆ ಸದಾ ಕಿತ್ತಳೆ ಬಣ್ಣದ ರಬ್ಬರು ಗ್ಲೌಸು. ಸೋಫಾಕ್ಕೆ ಎಂಜಿನ್ ಜೋಡಿಸಿ ರಸ್ತೆಗಿಳಿಸಿದ ಪುಣ್ಯಾತ್ಮರೂ ಅವರೇ. ಆ ಸೋಫಾ ಗಂಟೆಗೆ 87 ಮೈಲಿ ವೇಗದಲ್ಲಿ ಓಡಿ ಗಿನ್ನೆಸ್ ದಾಖಲೆಯ ಪುಸ್ತಕವನ್ನು ಸೇರಿತು. ಇಂಥ ವಿನೋದಪ್ರಿಯರು ಗ್ಯಾರೇಜಿನೊಳಗೆ ಹೊಕ್ಕರೆ ಮಾತ್ರ ಒಳ್ಳೆಯ ಮೇಷ್ಟ್ರು. ಯಾವ ಬೋಲ್ಟನ್ನು ಮೊದಲು ಸಡಿಲಿಸಬೇಕು, ಯಾವ ತಂತಿಯನ್ನು ಎಳೆಯಬಾರದು, ಬಿಚ್ಚಿದ ಭಾಗ ಏಕೆ ಸವೆದಿದೆ ಎಂಬುದನ್ನು ಸಾವಧಾನವಾಗಿ ತೋರಿಸಿ ಹೇಳುತ್ತಿದ್ದರು. ಸ್ಪ್ಯಾನರ್ ಹಿಡಿಯದ ಗೃಹಸ್ಥರೂ ಇದನ್ನು ಕುಳಿತು ನೋಡುತ್ತಿದ್ದರು.

ಬಿಟ್ಟುಹೋದ ಕೂಲಿ

ಹವ್ಯಾಸಿಗಳ ಮೊದಲ ದೂರು ಆ ಕೊನೆಯ ಲೆಕ್ಕದ ಮೇಲೆ. ಕಾರನ್ನು 2,000 ಪೌಂಡಿಗೆ ಕೊಂಡು, ಬಿಡಿಭಾಗಗಳಿಗೆ 1,500 ಪೌಂಡು ತೆತ್ತು, 4,500 ಪೌಂಡಿಗೆ ಮಾರಲಾಯಿತೆಂದು ಊಹಿಸಿಕೊಳ್ಳೋಣ. ತೆರೆಯ ಮೇಲೆ ಬರುವುದು 1,000 ಪೌಂಡಿನ ಲಾಭ. ಆದರೆ ಎಂಜಿನಿಯರು ಅದರ ಮೇಲೆ 60 ಗಂಟೆ ದುಡಿದಿದ್ದರೆ, ಗಂಟೆಗೆ 50 ಪೌಂಡಿನ ಕೂಲಿಯಂತೆ 3,000 ಪೌಂಡಾಯಿತು. ಲಾಭ ಹಾರಿಹೋಗಿ 2,000 ಪೌಂಡು ಕೈಬಿಟ್ಟಂತಾಯಿತು. ಕಾರ್ಯಕ್ರಮದಲ್ಲಿ ಈ ಕೂಲಿಯನ್ನು ಹಿಡಿಯುವ ಪದ್ಧತಿಯೇ ಇರಲಿಲ್ಲ.

ಮನೆಯಲ್ಲಿಯೇ ಕೂತು ತನ್ನ ಕಾರನ್ನು ತಾನೇ ರಿಪೇರಿ ಮಾಡಿಕೊಳ್ಳುವವನು ತನಗೆ ತಾನು ಕೂಲಿ ಕೊಟ್ಟುಕೊಳ್ಳುತ್ತಾನೆಯೇ ಎಂದು ಕಾರ್ಯಕ್ರಮದ ಅಭಿಮಾನಿಗಳು ಕೇಳುತ್ತಾರೆ. ಈ ಸಮಾಧಾನ ಅರ್ಧ ಮಾತ್ರ ಸರಿ. ಹವ್ಯಾಸಿ ತನ್ನ ಸಂತೋಷಕ್ಕಾಗಿ ದುಡಿದರೆ ಕೂಲಿಯ ಮಾತು ಬೇಡ. ಮಾರಿ ಲಾಭ ಮಾಡುವುದೇ ಆಟವೆಂದ ಮೇಲೆ ದುಡಿಮೆಗೆ ಬೆಲೆ ಕಟ್ಟಲೇಬೇಕು. ಅಡಿಗೆಮನೆಯ ಕೆಲಸಕ್ಕೆ ಲೆಕ್ಕವಿಡದ ಸಂಸಾರಗಳಲ್ಲಿ ಬೆಳೆದವರಿಗೆ ಈ ಬಗೆಯ ಮರೆವು ತೀರ ಅಪರಿಚಿತವೇನಲ್ಲ.

ಒಳಗಿನಿಂದ ತಿನ್ನುವ ರೋಗ

ಲೆಕ್ಕದ ಜಗಳ ನಗೆಯಲ್ಲಿ ಮುಗಿಯಬಹುದು. ತುಕ್ಕಿನ ಜಗಳ ಹಾಗಲ್ಲ. ಅದು ಕಾರನ್ನು ಕೊಂಡು ಮಡದಿಮಕ್ಕಳನ್ನು ಕೂರಿಸಿಕೊಂಡು ಹೋಗುವವನ ಜೀವದ ಪ್ರಶ್ನೆ. ಲಾರಿಗಿರುವಂತೆ ಬಹುಪಾಲು ಕಾರುಗಳಿಗೆ ಬೇರೆಯೇ ಆದ ಉಕ್ಕಿನ ಅಡಿಗಟ್ಟು ಇರುವುದಿಲ್ಲ. ತೆಳುವಾದ ತಗಡುಗಳನ್ನು ಮಡಿಸಿ, ಒಂದಕ್ಕೊಂದು ಬೆಸೆದು ಮಾಡಿದ ಕವಚವೇ ಅದರ ಮೈ, ಅದೇ ಅದರ ಬೆನ್ನೆಲುಬು. ಬಾಗಿಲುಗಳ ಕೆಳಗೆ ಮುಂದಿನಿಂದ ಹಿಂದಕ್ಕೆ ಹಾಯುವ ಟೊಳ್ಳಾದ ತೊಲೆಯೊಂದುಂಟು. ಅದಕ್ಕೆ ಸಿಲ್ ಎನ್ನುತ್ತಾರೆ. ಅಪಘಾತವಾದಾಗ ಪೆಟ್ಟನ್ನು ತಡೆಯುವ ಮುಖ್ಯ ಭಾಗಗಳಲ್ಲಿ ಅದೊಂದು.

ಇದಕ್ಕೆ ಮಾಜ್ದಾ ಎಂಎಕ್ಸ್-5 ಒಳ್ಳೆಯ ಉದಾಹರಣೆ. 1989ರಲ್ಲಿ ಬಂದ ಈ ಪುಟ್ಟ ಜಪಾನೀ ಕಾರಿಗೆ ಮಡಿಸುವ ಬಟ್ಟೆಯ ಮಾಡು. ಮಾಡಿನ ಮೇಲೆ ಬಿದ್ದ ಮಳೆನೀರು ಹಿಂಬದಿಯ ಸಣ್ಣ ಕೊಳವೆಗಳ ಮೂಲಕ ಕೆಳಗೆ ಹರಿದುಹೋಗಬೇಕು. ಎಲೆ, ಧೂಳು ಸೇರಿ ಕೊಳವೆ ಕಟ್ಟಿಕೊಂಡರೆ ನೀರು ಸಿಲ್ಲಿನ ಒಳಗೇ ನಿಲ್ಲುತ್ತದೆ. ಚಳಿಗಾಲದಲ್ಲಿ ಹಿಮ ಕರಗಿಸಲು ಇಂಗ್ಲೆಂಡಿನ ರಸ್ತೆಗಳಿಗೆ ಉಪ್ಪು ಚೆಲ್ಲುವ ವಾಡಿಕೆ ಬೇರೆ. ಉಕ್ಕು ಒಳಗಿನಿಂದ ಹೊರಕ್ಕೆ ಕೊಳೆಯುತ್ತ ಬರುತ್ತದೆ. ಹೊರಗೆ ಬಣ್ಣದ ಮೇಲೆ ಒಂದು ಸಣ್ಣ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ತಗಡು ಹಪ್ಪಳವಾಗಿರುತ್ತದೆ. ಉಕ್ಕಿನ ಮಾಡಿಲ್ಲದ ಕಾರಿಗೆ ಬಲವೆಲ್ಲ ಕೆಳಭಾಗದಿಂದಲೇ ಬರಬೇಕಾದುದರಿಂದ ಇಲ್ಲಿ ಕೊಳೆತ ಸಿಲ್ಲು ಇನ್ನೂ ಅಪಾಯಕರ.

ಇದಕ್ಕೆ ಇರುವ ಚಿಕಿತ್ಸೆ ಒಂದೇ. ಗಟ್ಟಿ ಉಕ್ಕು ಸಿಕ್ಕುವ ತನಕ ಕೊಳೆತದ್ದನ್ನೆಲ್ಲ ಕತ್ತರಿಸಿ ತೆಗೆಯಬೇಕು. ಅಲ್ಲಿಗೆ ಹೊಸ ತಗಡನ್ನು ಎಡೆಬಿಡದೆ ಬೆಸುಗೆ ಹಾಕಬೇಕು. ಕೊನೆಗೆ ಟೊಳ್ಳಿನೊಳಕ್ಕೆ ಮೇಣವನ್ನು ಸಿಂಪಡಿಸಬೇಕು. ಕೆಲಸ ದಿನಗಟ್ಟಲೆ ಹಿಡಿಯುತ್ತದೆ. ಮುಗಿದ ಮೇಲೆ ಹೊರಗೆ ಏನೂ ಕಾಣುವುದಿಲ್ಲ. ಗುಳ್ಳೆಯನ್ನು ಉಜ್ಜಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದರೆ ಒಂದೇ ಮಧ್ಯಾಹ್ನದ ಕೆಲಸ. ಕಣ್ಣಿಗೂ ಅಂದ. ಎರಡು ಚಳಿಗಾಲ ಕಳೆಯುವುದರೊಳಗೆ ಗುಳ್ಳೆ ಮರಳಿ ಬರುತ್ತದೆ. ಅಷ್ಟರಲ್ಲಿ ಕಾರು ಬೇರೊಬ್ಬರ ಕೈಯಲ್ಲಿರುತ್ತದೆ.

ಚೈನಾ ಅವರು ಬೆಸುಗೆಗೆ ಹಿಂಜರಿದವರಲ್ಲವೆಂಬುದನ್ನು ನ್ಯಾಯವಾಗಿ ಒಪ್ಪಬೇಕು. ವಿಮರ್ಶಕರ ಸಂಶಯವಿರುವುದು ತೆರೆಯ ಮೇಲೆ ಬಾರದ ಮೂಲೆಗಳ ಮೇಲೆ. ಮುಕ್ಕಾಲು ಗಂಟೆಯ ಕಂತಿನಲ್ಲಿ ನಾಲ್ಕೈದು ರಿಪೇರಿಗಳಿಗಷ್ಟೇ ಜಾಗ. ಆಸನದ ಚರ್ಮಕ್ಕೆ ಬಣ್ಣ ತುಂಬುವುದು ನೋಡಲು ಸೊಗಸು. ಮಂಡಿಯೂರಿ ತಳದ ತುಕ್ಕು ಕೆರೆಯುವುದು ಸೊಗಸಲ್ಲ. ಎಂಜಿನ್ ಬಿಚ್ಚಿ ಟೈಮಿಂಗ್ ಬೆಲ್ಟ್ ಬದಲಾಯಿಸುವಾಗ ಪಕ್ಕದಲ್ಲಿಯೇ ಇರುವ ನೀರಿನ ಪಂಪನ್ನೂ ಏಕೆ ಬದಲಾಯಿಸಲಿಲ್ಲ? ಅಷ್ಟು ಆಳಕ್ಕೆ ಇಳಿದ ಮೇಲೆ ಸ್ವಲ್ಪ ಹಣದ ಭಾಗವನ್ನು ಉಳಿಸಿ, ಮುಂದಿನವನು ಮತ್ತೆ ಅಷ್ಟನ್ನೂ ಬಿಚ್ಚುವಂತೆ ಮಾಡುವುದು ಯಾವ ಮಿತವ್ಯಯ? ಬೋಲ್ಟನ್ನು ಟಾರ್ಕ್ ರೆಂಚ್ ಹಿಡಿಯದೆ ಬಿಗಿದಂತೆ ಕಂಡರೂ ಸಾಕು, ಮರುದಿನ ಆಕ್ಷೇಪಣೆಗಳ ಸುರಿಮಳೆ. ಇದರಲ್ಲಿ ಕೆಲವು ಬರಿಯ ಕೊಂಕು. ಪಂಪಿನ ಮಾತು ಕೊಂಕಲ್ಲ.

ಹೆಸರಿಗೆ ತಕ್ಕ ಎಂಜಿನ್

ರಿಪೇರಿಯ ಮೇಲಿನ ವಾದವೇ ಇಷ್ಟು ಬಿರುಸಾದರೆ, ಮಾರ್ಪಾಟಿನ ಮೇಲಿನದು ಮತಭೇದದಂತೆ. ಕಾರ್ಯಕ್ರಮ ಇಂಗ್ಲೆಂಡನ್ನು ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ ಹಳೆಯ ಮಾಸೆರಾಟಿ ಬೈಟರ್ಬೊ ಒಂದರ ಎಂಜಿನ್ ಇಳಿಸಿ, ವಿದ್ಯುತ್ ಮೋಟಾರು ಮತ್ತು ಬ್ಯಾಟರಿಗಳನ್ನು ಕೂರಿಸಲಾಯಿತು. ಎರಡು ಟರ್ಬೊಗಳಿರುವ ಎಂಜಿನ್ ಇದೆಯೆಂಬುದಕ್ಕಾಗಿಯೇ ಆ ಕಾರಿಗೆ ಆ ಹೆಸರು ಬಂದದ್ದು. ಎಂಜಿನ್ನೇ ಹೋದ ಮೇಲೆ ಉಳಿದದ್ದು ಹೆಸರು ಮಾತ್ರವಲ್ಲವೇ ಎಂದು ಒಂದು ಪಕ್ಷ. ಆ ಎಂಜಿನ್ ಕಾಲಕಾಲಕ್ಕೆ ಕೆಟ್ಟು ಒಡೆಯನನ್ನು ದಾರಿಯಲ್ಲಿ ನಿಲ್ಲಿಸುವುದಕ್ಕೇ ಪ್ರಸಿದ್ಧ. ಅದನ್ನು ಕಿತ್ತು ಕಾರನ್ನು ಬದುಕಿಸಿದ್ದೇ ಉಪಕಾರವೆಂದು ಇನ್ನೊಂದು ಪಕ್ಷ.

ವಾಹನದ ಆತ್ಮ ಎಲ್ಲಿದೆ ಎಂಬ ಈ ತತ್ತ್ವಚರ್ಚೆಯನ್ನು ಬ್ರಿಟನ್ನಿನ ವಾಹನ ನೋಂದಣಿ ಇಲಾಖೆ ಬಹುಕಾಲ ಅಂಕಗಳಲ್ಲಿ ಬಗೆಹರಿಸುತ್ತಿತ್ತು. ಬಹಳವಾಗಿ ಮಾರ್ಪಡಿಸಿದ ವಾಹನ ತನ್ನ ಹಳೆಯ ನಂಬರನ್ನು ಉಳಿಸಿಕೊಳ್ಳಲು 14ರಲ್ಲಿ 8 ಅಂಕ ಗಳಿಸಬೇಕಾಗಿತ್ತು. ಮೂಲ ಕವಚ ಅಥವಾ ಅಡಿಗಟ್ಟಿಗೆ 5 ಅಂಕ. ಸಸ್ಪೆನ್ಷನ್, ಅಚ್ಚುಗಳು, ಗೇರು, ಸ್ಟಿಯರಿಂಗ್ ಒಂದೊಂದಕ್ಕೆ 2. ಹವ್ಯಾಸಿಗಳು ಪ್ರಾಣವೆಂದು ಭಾವಿಸುವ ಎಂಜಿನ್ನಿಗೆ ಕೇವಲ 1! 2025ರಲ್ಲಿ ಮಾರ್ಪಾಟಿನ ನಿಯಮಗಳನ್ನು ಅಲ್ಲಿ ಸಡಿಲಿಸಲಾಯಿತು.

ನಮ್ಮ ದೇಶದಲ್ಲಿ ಇದೇ ವಿಷಯದಲ್ಲಿ ಕಾನೂನು ಬಿಗಿಯಾಗಿದೆ. ತಯಾರಕರು ಕೊಟ್ಟ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 2021ರ ನಿಯಮಗಳ ಪ್ರಕಾರ 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬೇಕಾದರೆ ಅದರ ಅಡಿಗಟ್ಟು, ಮೈ, ಎಂಜಿನ್ ಮೂಲರೂಪದಲ್ಲಿಯೇ ಇರಬೇಕು. ಅಲ್ಲಿ ಅಭಿರುಚಿಯ ಜಗಳವಾದುದು ಇಲ್ಲಿ ಆರ್‌ಟಿಒ ಕಚೇರಿಯ ಕಾಗದಪತ್ರವಾಗುತ್ತದೆ.

ಅಮೆರಿಕದ ಇಂಥ ಕಾರ್ಯಕ್ರಮಗಳಲ್ಲಿ ಕೆಲವಕ್ಕೆ ಈ ಧರ್ಮಸಂಕಟವೇ ಇರಲಿಲ್ಲ. 2004ರಲ್ಲಿ ಎಂಟಿವಿ ಆರಂಭಿಸಿದ ‘ಪಿಂಪ್ ಮೈ ರೈಡ್’ನಲ್ಲಿ ಮುರುಕು ಕಾರುಗಳೊಳಗೆ ಟೆಲಿವಿಷನ್ ಪರದೆಗಳನ್ನೂ ಧ್ವನಿಪೆಟ್ಟಿಗೆಗಳನ್ನೂ ತುಂಬಿ ಕಳುಹಿಸುತ್ತಿದ್ದರು. ಚಿತ್ರೀಕರಣ ಮುಗಿದ ಮೇಲೆ ಅವುಗಳಲ್ಲಿ ಕೆಲವನ್ನು ಕಳಚಿಕೊಂಡರೆಂದು ಭಾಗವಹಿಸಿದವರೇ ತರುವಾಯ ಹೇಳಿದ್ದುಂಟು. ಇದರ ಪಕ್ಕದಲ್ಲಿಟ್ಟು ನೋಡಿದರೆ ನೀರಿನ ಪಂಪಿಗಾಗಿ ಬೈಸಿಕೊಳ್ಳುವುದು ಒಂದು ಬಗೆಯ ಮರ್ಯಾದೆಯೇ ಸರಿ.

ಮೆಕ್ಯಾನಿಕ್ ಎದ್ದುಹೋದಾಗ

2017ರ ಮಾರ್ಚಿಯಲ್ಲಿ ಚೈನಾ ಅವರು ಕಾರ್ಯಕ್ರಮವನ್ನು ಬಿಡುತ್ತಿರುವುದಾಗಿ ಸಾರಿದರು. ಹದಿಮೂರು ಸರಣಿಗಳ ದುಡಿಮೆ ಅದು. ಅವರು ಕೊಟ್ಟ ವಿವರಣೆ ಹೀಗಿತ್ತು: ಕಾರ್ಯಕ್ರಮದ ನಿರ್ಮಾಣ ವೆಲಾಸಿಟಿ ಎಂಬ ಅಮೆರಿಕದ ವಾಹಿನಿಯ ನೇರ ಹಿಡಿತಕ್ಕೆ ಬಂದಿದೆ, ಇದ್ದ ರೂಪದಲ್ಲಿ ಅದನ್ನು ಮಾಡುವುದು ಕಷ್ಟವೆಂದು ಅವರ ಅಭಿಪ್ರಾಯ, ಗ್ಯಾರೇಜಿನ ಕೆಲಸವನ್ನು ವಿವರವಾಗಿ ತೋರಿಸುವ ಭಾಗವನ್ನು ಕಡಿಮೆ ಮಾಡಬೇಕೆನ್ನುತ್ತಾರೆ, ಹಾಗೆ ಮಾಡಿದರೆ ತನ್ನ ಕೆಲಸದ ಗುಣಮಟ್ಟಕ್ಕೆ ಕುಂದು ಬರುತ್ತದೆ.

ವರ್ಷಗಟ್ಟಲೆ ಅವರ ಒಂದೊಂದು ಬೋಲ್ಟಿನಲ್ಲಿಯೂ ತಪ್ಪು ಹುಡುಕಿದ ಜನ ಕೆರಳಿದ್ದು ಆಗ. ಅಷ್ಟಕ್ಕೂ ತಪ್ಪು ಹುಡುಕಲು ಸಾಧ್ಯವಾದದ್ದೇ ಕೆಲಸ ಕಣ್ಣಮುಂದೆ ನಡೆಯುತ್ತಿದ್ದುದರಿಂದ. ಬಿಚ್ಚಿ ತೋರಿಸುವುದೇ ನಿಂತರೆ ಉಳಿಯುವುದು ಕೊಂಡ ದೃಶ್ಯ, ಮಾರಿದ ದೃಶ್ಯ. ಹವ್ಯಾಸಿಗಳ ಕೋಪ ಹರಿದದ್ದು ಮಾತ್ರ ತಪ್ಪು ದಾರಿಯಲ್ಲಿ: ಜೊತೆಗಾರ ಬ್ರೂವರ್ ಅವರಿಗೆ ನಿಂದೆಯ, ಬೆದರಿಕೆಯ ಸಂದೇಶಗಳು ಹೋದವು. ಕಾರಿನ ತಗಡಿಗೆ ತೋರಿಸಿದ ನಾಜೂಕನ್ನು ಮನುಷ್ಯನಿಗೆ ತೋರಿಸದೆ ಹೋದ ಈ ನಡತೆ ಯಾರಿಗೂ ಶೋಭಿಸುವಂಥದಲ್ಲ.

ಚೈನಾ ಅವರ ಜಾಗಕ್ಕೆ ಆ್ಯಂಟ್ ಆ್ಯನ್ಸ್ಟೆಡ್ ಬಂದರು. ಕಾರ್ಯಕ್ರಮ ಮತ್ತೆ ಇಂಗ್ಲೆಂಡಿಗೆ ಮರಳಿದ ಮೇಲೆ ಫಾರ್ಮುಲಾ ಒನ್ ಪಂದ್ಯಗಳಲ್ಲಿ ಮೆಕ್ಯಾನಿಕ್ ಆಗಿದ್ದ ಮಾರ್ಕ್ ಪ್ರೀಸ್ಟ್ಲಿ ಬಂದರು. ಇಬ್ಬರೂ ಕೆಲಸ ಬಲ್ಲವರೇ.

ಇತ್ತ ವಿಮರ್ಶಕರಿಗೆ ಹೊಸದೊಂದು ಆಯುಧ ಸಿಕ್ಕಿದೆ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರನ್ನು ವರ್ಷಕ್ಕೊಮ್ಮೆ ಎಂಓಟಿ ಎಂಬ ಪರೀಕ್ಷೆಗೆ ಒಡ್ಡಬೇಕು. ಸಸ್ಪೆನ್ಷನ್ನೂ ಸೀಟಿನ ಬೆಲ್ಟೂ ಕವಚಕ್ಕೆ ಅಂಟುವ ಜಾಗದಿಂದ 30 ಸೆಂಟಿಮೀಟರಿನೊಳಗೆ ತುಕ್ಕು ತಗಡನ್ನು ದುರ್ಬಲಗೊಳಿಸಿದ್ದರೆ ಕಾರು ಫೇಲು. ಅಂಥಲ್ಲಿ ಪುಟ್ಟಿ ಮೆತ್ತಿದರೆ ಪರೀಕ್ಷಕ ಒಪ್ಪುವುದಿಲ್ಲ, ಬೆಸುಗೆಯೇ ಆಗಬೇಕು. ಈ ಪರೀಕ್ಷೆಗಳ ಫಲಿತಾಂಶವನ್ನು ಕಾರಿನ ನಂಬರು ತಿಳಿದ ಯಾರು ಬೇಕಾದರೂ ಸರ್ಕಾರದ ದಾಖಲೆಯಲ್ಲಿ ನೋಡಬಹುದು. ತೆರೆಯ ಮೇಲೆ ನಂಬರು ಕಂಡಾಯಿತಲ್ಲ! ಕೈಕುಲುಕಿ ಮಾರಿದ ಕಾರು ಮುಂದೆ ಏನಾಯಿತು, ಸಿಲ್ಲಿನ ಬಗ್ಗೆ ಪರೀಕ್ಷಕ ಏನು ಬರೆದ, ಎಷ್ಟು ಮೈಲಿ ಓಡಿತು ಎಂಬುದನ್ನು ಕುತೂಹಲಿಗಳು ವರ್ಷದಿಂದ ವರ್ಷಕ್ಕೆ ಓದಿಕೊಳ್ಳಬಹುದು.

2018ರ ಮೇ ತಿಂಗಳಿಂದ 40 ವರ್ಷ ತುಂಬಿದ, ಬಹಳವಾಗಿ ಮಾರ್ಪಡಿಸದ ಕಾರುಗಳಿಗೆ ಈ ಪರೀಕ್ಷೆ ಕಡ್ಡಾಯವಲ್ಲ. ಒಡೆಯ ತಾನಾಗಿ ಒಯ್ದರುಂಟು, ಇಲ್ಲದಿದ್ದರೆ ದಾಖಲೆ ಅಲ್ಲಿಗೆ ನಿಂತಿತು. ಮೊದಲ ಎಂಎಕ್ಸ್-5 ಕಾರುಗಳಿಗೆ 40 ತುಂಬುವುದು 2029ರಿಂದೀಚೆಗೆ. ಆಮೇಲೆ ಅವುಗಳ ಸಿಲ್ಲಿನ ಸ್ಥಿತಿ ತಿಳಿಯಬೇಕೆಂದರೆ ಕೊಳ್ಳುವವನೇ ಟಾರ್ಚು ಹಿಡಿದು ಮಂಡಿಯೂರಬೇಕು.