ಜಂಪ್ ಸ್ಟಾರ್ಟರ್ ಕೊಳ್ಳುವ ಮುನ್ನ ಎಂಜಿನ್ ನೋಡಿ

ಹಬ್ಬ, ನೇಮ, ಮದುವೆಗೆಂದು ಮುಂಬಯಿಯಿಂದ ಕಾರಿನಲ್ಲೇ ಊರಿಗೆ ಹೊರಡುವ ತುಳು-ಕನ್ನಡಿಗರು ಅನೇಕ. ವಾರಗಟ್ಟಲೆ ಸೊಸೈಟಿಯಲ್ಲಿ ನಿಂತ ಕಾರಿನ ಬ್ಯಾಟರಿ ಹೊರಡುವ ಮುಂಜಾನೆಯೋ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ರಾತ್ರಿ ಊಟಕ್ಕೆ ನಿಲ್ಲಿಸಿದಾಗಲೋ ಕೈಕೊಟ್ಟರೆ ಮಕ್ಕಳು, ಹಿರಿಯರೊಂದಿಗೆ ಪರದಾಡಬೇಕಾಗುತ್ತದೆ. ಇಂಥ ವೇಳೆ ಕೈಚೀಲದಲ್ಲಿ ಹಿಡಿಯುವ ಜಂಪ್ ಸ್ಟಾರ್ಟರ್ ಉಪಕಾರಿ. ಆದರೆ ಅದು ನಮ್ಮ ವಾಹನಕ್ಕೆ ತಕ್ಕದ್ದಾಗಿರಬೇಕು.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ಎಂಎಎಚ್ ಸಂಖ್ಯೆಗೆ ಮರುಳಾಗಬೇಡಿ. ಅದು ಖಾತೆಯಲ್ಲಿರುವ ಮೊತ್ತವಿದ್ದಂತೆ. ಎಂಜಿನ್ ಎಬ್ಬಿಸಲು ಮುಖ್ಯವಾದುದು ಒಂದೇ ಸಲಕ್ಕೆ ಎಷ್ಟು ತೆಗೆಯಬಹುದೆಂಬುದು. ಅದನ್ನು ತಿಳಿಸುವುದು ಆಂಪಿಯರ್. ಅದರಲ್ಲೂ ‘ಪೀಕ್’ ಆಂಪಿಯರ್ ಕ್ಷಣಮಾತ್ರದ್ದು. ‘ಕ್ರ್ಯಾಂಕಿಂಗ್’ ಆಂಪಿಯರ್ ಕೆಲವು ಸೆಕೆಂಡ್ ನಿಲ್ಲುವಂಥದ್ದು. ಎರಡನೆಯದನ್ನೇ ಹೋಲಿಸಿ ನೋಡಿ.

ಡೀಸೆಲ್ ಎಂಜಿನ್‌ನಲ್ಲಿ ಗಾಳಿಯ ಒತ್ತಡ ಹೆಚ್ಚಿರುವುದರಿಂದ ಅದನ್ನು ತಿರುಗಿಸಲು ಹೆಚ್ಚು ಶಕ್ತಿ ಬೇಕು. 1200 ಸಿಸಿ ಪೆಟ್ರೋಲ್ ಕಾರಿಗೆ ಸಾಕಾದ ಸಾಧನ 2000 ಸಿಸಿ ಡೀಸೆಲ್ ವಾಹನಕ್ಕೆ ಸಾಲದೆ ಹೋಗಬಹುದು. ಆರ್‌ಸಿಯಲ್ಲಿ ಸಿಸಿ ಮತ್ತು ಇಂಧನ ನೋಡಿಕೊಳ್ಳಿ. ತಯಾರಕರು ಪೆಟ್ರೋಲ್, ಡೀಸೆಲ್‌ಗಳಿಗೆ ಬೇರೆ ಬೇರೆ ಮಿತಿಯನ್ನು ಲೀಟರ್‌ನಲ್ಲಿ ನಮೂದಿಸಿರುತ್ತಾರೆ. 1000 ಸಿಸಿ ಎಂದರೆ 1 ಲೀಟರ್. ಸಿಎನ್‌ಜಿ ಕಾರಿಗೆ ಪೆಟ್ರೋಲ್ ಲೆಕ್ಕವೇ ಅನ್ವಯ. ಕಾರಿನ 12 ವೋಲ್ಟ್ ಸಾಧನ 24 ವೋಲ್ಟ್ ಲಾರಿಗೆ ಸಲ್ಲದು.

ಉಬ್ಬಿದ ಅಥವಾ ಸೋರುವ ಬ್ಯಾಟರಿಗೆ ಇದನ್ನು ಜೋಡಿಸಲೇಬಾರದು. ಬಿಸಿಲಲ್ಲಿ ನಿಂತ ಕಾರಿನೊಳಗೂ ಬಿಡಬಾರದು. ಮೂರು ತಿಂಗಳಿಗೊಮ್ಮೆ, ಹಾಗೆಯೇ ಊರಿಗೆ ಹೊರಡುವ ಹಿಂದಿನ ರಾತ್ರಿ ಚಾರ್ಜ್ ಮಾಡಿಟ್ಟುಕೊಂಡರೆ ಪ್ರಯಾಣ ನಿಶ್ಚಿಂತೆ.