ಬಾಲ್ಕನಿ ಗಿಡದ ಹುಳಕ್ಕೆ ಸೋಪಿನ ನೀರು ಸಾಕು, ವಿಷದ ಬಾಟಲಿ ಬೇಡ



ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಯಾವ ಊರಿನಲ್ಲಿದ್ದರೂ ನಮ್ಮವರ ಬಾಲ್ಕನಿಯಲ್ಲಿ ಒಂದು ತುಳಸಿ, ಒಂದು ಕರಿಬೇವು, ಒಂದು ದೊಡ್ಡಪತ್ರೆ, ಪೂಜೆಗೆ ಒಂದು ದಾಸವಾಳ ಇದ್ದೇ ಇರುತ್ತದೆ. ಊರಿಂದ ಬಂದು ಜೊತೆಗಿರುವ ಅಪ್ಪ-ಅಮ್ಮನಿಗೆ ಅದೇ ತೋಟ, ಅದೇ ಕಾಲಕ್ಷೇಪ. ಒಂದು ದಿನ ದಾಸವಾಳದ ಮೊಗ್ಗಿನ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಕಾಣುತ್ತದೆ. ಕರಿಬೇವಿನ ಚಿಗುರು ಮುರುಟುತ್ತದೆ. ಮೆಣಸಿನ ಗಿಡದ ಎಲೆ ಅಂಟಂಟಾಗುತ್ತದೆ. ನರ್ಸರಿಯವರನ್ನು ಕೇಳಿದರೆ ಒಂದು ಸಣ್ಣ ಬಾಟಲಿ ಕೊಟ್ಟು "ನೀರಿಗೆ ನಾಲ್ಕು ಹನಿ ಹಾಕಿ ಹೊಡೀರಿ" ಅನ್ನುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಹತ್ತು ಜನ ಹತ್ತು ಕಷಾಯ ಹೇಳುತ್ತಾರೆ.

ಹೃದಯದ ಡಾಕ್ಟರಿಗೆ ಗಿಡದ ಹುಳದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಕಾರಣ ಇದೆ. ಆ ಸಣ್ಣ ಬಾಟಲಿಯಲ್ಲಿರುವ ಔಷಧಿ, ಆ ಹತ್ತು ಕಷಾಯಗಳಲ್ಲಿ ಒಂದೆರಡು, ಎರಡೂ ಮನುಷ್ಯನ ಹೃದಯಕ್ಕೆ ತಾಗುವಂಥವು. ನಾಲ್ಕು ಕುಂಡದ ಗಿಡಕ್ಕೆ ಅವು ಯಾವುವೂ ಬೇಕಾಗಿಲ್ಲ. ಸರಿಯಾಗಿ ಮಾಡಿದ ಸೋಪಿನ ನೀರು ಸಾಕು.

*ಬಾಟಲಿಯಲ್ಲಿ ಏನಿರುತ್ತದೆ?*

ಕೀಟನಾಶಕಗಳಲ್ಲಿ ಆರ್ಗನೋಫಾಸ್ಫೇಟ್ ಎಂಬ ದೊಡ್ಡ ಗುಂಪು ಇದೆ. ಮೊನೊಕ್ರೋಟೊಫಾಸ್, ಕ್ಲೋರ್‌ಪೈರಿಫಾಸ್, ಡೈಕ್ಲೋರ್‌ವಾಸ್ ಇದೇ ಗುಂಪಿನವು. ನಮ್ಮ ನರಗಳು ಒಂದು ಸಂದೇಶ ಕಳಿಸಿದ ಮೇಲೆ ಅದನ್ನು ಅಳಿಸಿಹಾಕುವ ಒಂದು ಕಿಣ್ವ ದೇಹದಲ್ಲಿದೆ. ಈ ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ಸಂದೇಶ ನಿಲ್ಲುವುದೇ ಇಲ್ಲ. ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ವಾಂತಿ, ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ, ಉಸಿರಾಟದ ತೊಂದರೆ. ಹೃದಯದ ಬಡಿತ ತೀರ ನಿಧಾನವಾಗಬಹುದು, ಇಸಿಜಿಯಲ್ಲಿ ತಾಳ ತಪ್ಪಬಹುದು. ಈ ವಿಷ ಬಾಯಿಂದ ಮಾತ್ರ ಒಳಗೆ ಹೋಗುವುದಿಲ್ಲ, ಚರ್ಮದ ಮೂಲಕವೂ ಹೋಗುತ್ತದೆ.

2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು. ಅಡುಗೆ ಎಣ್ಣೆಯಲ್ಲಿ ಇದ್ದದ್ದು ಮೊನೊಕ್ರೋಟೊಫಾಸ್. ಈ ಔಷಧಿಯನ್ನು ತರಕಾರಿ ಬೆಳೆಗೆ ಬಳಸಬಾರದೆಂದು ಸರ್ಕಾರ 2005ರಲ್ಲೇ ಹೇಳಿತ್ತು. ತಿಗಣೆ ಔಷಧಿ ಎಂದು ಎಷ್ಟೋ ಮನೆಗಳಲ್ಲಿ ಇಟ್ಟುಕೊಳ್ಳುತ್ತಿದ್ದ ಡೈಕ್ಲೋರ್‌ವಾಸ್ ಕೂಡ 2020ರ ಡಿಸೆಂಬರ್ 31ರಿಂದ ನಿಷೇಧವಾಗಿದೆ. ನಿಷೇಧವಾದರೂ ಹಳೆಯ ಬಾಟಲಿ ಅಟ್ಟದ ಮೇಲೆ ಕೂತಿರುತ್ತದೆ.

ಒಂದು ಕೆಲಸ ಮಾಡಿ. ಮನೆಯಲ್ಲಿರುವ ಬಾಟಲಿಯ ಲೇಬಲ್ ತಿರುಗಿಸಿ ನೋಡಿ. ನಮ್ಮ ದೇಶದ ಪ್ರತಿ ಕೀಟನಾಶಕದ ಮೇಲೂ ವಜ್ರಾಕಾರದ ಒಂದು ಗುರುತು ಇರಬೇಕು. ಅದರ ಕೆಳಗಿನ ಅರ್ಧ ಕೆಂಪಾಗಿದ್ದರೆ ಅತಿ ಹೆಚ್ಚು ವಿಷ, ಹಳದಿ ಅದಕ್ಕಿಂತ ಸ್ವಲ್ಪ ಕಡಿಮೆ, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಕಡಿಮೆ. ಕೆಂಪು, ಹಳದಿ ಗುರುತಿನದು ಫ್ಲಾಟಿನೊಳಗೆ ಇರಲೇಬಾರದು. ಲೇಬಲ್ಲೇ ಇಲ್ಲದ, ಬೇರೆ ಬಾಟಲಿಗೆ ಸುರಿದುಕೊಟ್ಟ ಔಷಧಿಯನ್ನಂತೂ ಯಾರೇ ಕೊಟ್ಟರೂ ತೆಗೆದುಕೊಳ್ಳಬೇಡಿ.

*ಸೋಪು ಹುಳವನ್ನು ಹೇಗೆ ಕೊಲ್ಲುತ್ತದೆ?*

ಗಿಡದ ರಸ ಹೀರುವ ಹೇನು, ಹಿಟ್ಟು ತಿಗಣೆ, ಬಿಳಿನೊಣ, ಕೆಂಪು ನುಸಿ, ಇವೆಲ್ಲ ಮೆತ್ತನೆ ಮೈಯವು. ಮೈಯಲ್ಲಿರುವ ನೀರು ಆರಿಹೋಗದಂತೆ ಮೇಲೊಂದು ತೆಳು ಮೇಣದ ಪದರ ಇರುತ್ತದೆ. ನಿಜವಾದ ಸೋಪು ಎಂದರೆ ಎಣ್ಣೆ ಮತ್ತು ಕ್ಷಾರ ಸೇರಿ ಆದದ್ದು. ಅದು ಆ ಮೇಣವನ್ನು ಕರಗಿಸುತ್ತದೆ, ಜೀವಕೋಶಗಳ ಪೊರೆಯನ್ನು ಒಡೆಯುತ್ತದೆ. ಉಸಿರಾಡುವ ರಂಧ್ರಗಳಿಗೂ ಸೋಪಿನ ನೀರು ನುಗ್ಗುತ್ತದೆ. ಹುಳ ಒಣಗಿ, ಉಸಿರುಕಟ್ಟಿ ಸಾಯುತ್ತದೆ.

ಇದರಿಂದ ಎರಡು ಮಾತು ನೆನಪಿಡಬೇಕು. ಮೊದಲನೆಯದು, ಸೋಪಿನ ನೀರು ಹುಳದ ಮೈಗೆ ತಾಗಿದರೆ ಮಾತ್ರ ಕೆಲಸ. ಎಲೆಯ ಮೇಲ್ಭಾಗಕ್ಕೆ ಹೊಡೆದು ಬಂದರೆ ಕೆಳಭಾಗದಲ್ಲಿ ಕೂತ ಹುಳಕ್ಕೆ ಏನೂ ಆಗುವುದಿಲ್ಲ. ಎರಡನೆಯದು, ನೀರು ಒಣಗಿದ ಮೇಲೆ ಅದರ ಶಕ್ತಿ ಮುಗಿಯಿತು, ಎಲೆಯಲ್ಲಿ ವಿಷ ಉಳಿಯುವುದಿಲ್ಲ. ನಾಳೆ ಆ ಕರಿಬೇವನ್ನು ಚೆನ್ನಾಗಿ ತೊಳೆದು ಒಗ್ಗರಣೆಗೆ ಹಾಕಬಹುದು.

*ಯಾವ ಸೋಪು?*

ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಲಿಕ್ವಿಡ್ ಹೆಚ್ಚಿನವು ಸೋಪಲ್ಲ, ಡಿಟರ್ಜೆಂಟ್. ಜಿಡ್ಡು ತೆಗೆಯಲೆಂದೇ ಮಾಡಿದ ಅವು ಎಲೆಯ ಮೇಣವನ್ನೂ ತೆಗೆದುಬಿಡುತ್ತವೆ, ಎಲೆಯ ಅಂಚು ಸುಟ್ಟಂತಾಗುತ್ತದೆ. ಬೇಡ.

ಸ್ನಾನದ ಸೋಪಿನ ಹೊದಿಕೆಯ ಮೇಲೆ ಟಿಎಫ್‌ಎಂ ಎಂಬ ಅಂಕಿ ಇರುತ್ತದೆ. ಅದರಲ್ಲಿ ಎಣ್ಣೆಯ ಅಂಶ ಶೇಕಡಾ ಎಷ್ಟು ಎಂಬ ಲೆಕ್ಕ ಅದು. 76 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗ್ರೇಡ್ 1. ಗಿಡಕ್ಕೆ ಅಂಥ ಸಾದಾ ಸೋಪು, ಆದಷ್ಟು ಕಡಿಮೆ ಪರಿಮಳದ್ದು, ಇರಲಿ. ಸವೆದು ಉಳಿದ ಚೂರುಗಳಾದರೂ ನಡೆಯುತ್ತದೆ. ತೋಟದ ಅಂಗಡಿಯಲ್ಲಿ ಗಿಡಕ್ಕೆಂದೇ ಮಾಡಿದ ಪೊಟ್ಯಾಸಿಯಂ ಸೋಪು ಸಿಕ್ಕರೆ ಇನ್ನೂ ಒಳ್ಳೆಯದು. ಅದಕ್ಕೆ ಲೇಬಲ್ ಹೇಳುವ ಅಳತೆಯನ್ನೇ ಹಿಡಿಯಿರಿ.

*ನೀರು ನೋಡಿ*

ಇಲ್ಲೇ ಎಷ್ಟೋ ಜನರ ಪ್ರಯತ್ನ ಕೆಡುವುದು. ಬೋರ್‌ವೆಲ್ ಅಥವಾ ಟ್ಯಾಂಕರಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಹಾಲೊಡೆದ ಹಾಗೆ ಬಿಳಿ ಗಸಿಯಾಗುತ್ತದೆ. ಹುಳ ಕೊಲ್ಲಬೇಕಾದ ಸೋಪೆಲ್ಲ ಆ ಗಸಿಯಲ್ಲೇ ಮುಗಿದಿರುತ್ತದೆ. ಒಂದು ಸಣ್ಣ ಬಾಟಲಿಗೆ ನೀರು, ಚೂರು ಸೋಪು ಹಾಕಿ ಕುಲುಕಿ. ನೊರೆ ಬರದೆ ಗಸಿ ತೇಲಿದರೆ ಆ ನೀರು ಬೇಡ. ಮಳೆನೀರು ಅಥವಾ ಫಿಲ್ಟರಿನ ನೀರು ಒಂದು ಲೀಟರ್ ತೆಗೆದುಕೊಳ್ಳಿ.

*ಮಾಡುವ, ಹೊಡೆಯುವ ಕ್ರಮ*

1. ತುರಿದ ಸೋಪು 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ. ಅರ್ಧ ಲೋಟ ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ, ತಣ್ಣೀರು ಸೇರಿಸಿ ಒಂದು ಲೀಟರ್ ಮಾಡಿ, ಬಟ್ಟೆಯಲ್ಲಿ ಸೋಸಿ. ಇದರಿಂದ ಹುಳ ಸಾಯದಿದ್ದರೆ ಮಾತ್ರ 10 ಗ್ರಾಂವರೆಗೆ ಹೋಗಿ. ಅದಕ್ಕಿಂತ ಹೆಚ್ಚು ಬೇಡ.

2. ಮೊದಲು ಒಂದೆರಡು ಎಲೆಗೆ ಹೊಡೆದು ಎರಡು ದಿನ ಕಾಯಿರಿ. ದೊಡ್ಡಪತ್ರೆಯಂಥ ರೋಮದ ಎಲೆ, ಫರ್ನ್, ಎಳೆ ಸಸಿಗಳು ಸೂಕ್ಷ್ಮ. ಕಲೆ ಬೀಳದಿದ್ದರೆ ಮುಂದುವರಿಯಿರಿ.

3. ಬೆಳಗಿನ ಹೊತ್ತು ಅಥವಾ ಸಂಜೆ ಬಿಸಿಲಿಳಿದ ಮೇಲೆ ಹೊಡೆಯಿರಿ. 32 ಡಿಗ್ರಿ ಮೀರಿದ ಸೆಕೆಯಲ್ಲಿ, ಬಾಡಿದ ಗಿಡಕ್ಕೆ ಬೇಡ. ಹಿಂದಿನ ದಿನವೇ ಗಿಡಕ್ಕೆ ನೀರು ಕುಡಿಸಿ.

4. ಎಲೆಯ ಅಡಿ, ಕಾಂಡದ ಸಂದಿ, ಮೊಗ್ಗಿನ ಬುಡ ತೊಟ್ಟಿಕ್ಕುವಷ್ಟು ನೆನೆಯಲಿ. ಕುಂಡದ ಮಣ್ಣಿಗೆ ಹಳೆಯ ಪೇಪರ್ ಮುಚ್ಚಿ. ಬಾರ್ ಸೋಪಿನ ಸೋಡಿಯಂ ಮಣ್ಣಿಗೆ ಒಳ್ಳೆಯದಲ್ಲ.

5. ಒಂದೆರಡು ಗಂಟೆ ಬಿಟ್ಟು ಸಾದಾ ನೀರಿನಿಂದ ಎಲೆ ತೊಳೆಯಿರಿ.

6. ಸೋಪು ಮೊಟ್ಟೆಗಳನ್ನು ಕೊಲ್ಲುವುದಿಲ್ಲ. ಆದ್ದರಿಂದ 5ರಿಂದ 7 ದಿನಕ್ಕೊಮ್ಮೆ, ಮೂರು ಸಲ ಹೊಡೆಯಬೇಕು. ಒಂದೇ ಸಲಕ್ಕೆ ಬಿಟ್ಟವರು ಹದಿನೈದು ದಿನದಲ್ಲಿ "ಏನೂ ಆಗಲಿಲ್ಲ" ಅನ್ನುತ್ತಾರೆ.

ಹಿಟ್ಟು ತಿಗಣೆ ದಟ್ಟವಾಗಿದ್ದರೆ ಮೊದಲು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆದು ಆಮೇಲೆ ಹೊಡೆಯಿರಿ, ಆ ಹಿಟ್ಟಿನ ಹೊದಿಕೆ ನೀರನ್ನು ಒಳಗೆ ಬಿಡುವುದಿಲ್ಲ. ಬೇವಿನ ಎಣ್ಣೆ ಸೇರಿಸುವುದಾದರೆ ಇದೇ ಒಂದು ಲೀಟರಿಗೆ 5 ಮಿ.ಲೀ. ಸೋಪು ಇದ್ದರೇನೇ ಎಣ್ಣೆ ನೀರಿನಲ್ಲಿ ಬೆರೆಯುವುದು. ಬೇವಿನ ಎಣ್ಣೆ ಬಾಟಲಿ ಮಕ್ಕಳ ಕೈಗೆ ಸಿಗದಿರಲಿ. ಕುಡಿಸಿದರೆ ಕೂಸುಗಳ ಮೆದುಳಿಗೆ, ಯಕೃತ್ತಿಗೆ ಪೆಟ್ಟಾಗುತ್ತದೆ.

*ಗಿಡದಲ್ಲಿ ಇರುವೆ ಸಾಲು ಕಂಡರೆ*

ಹೇನು, ತಿಗಣೆ ಹೊರಹಾಕುವ ಸಿಹಿ ಅಂಟು ಇರುವೆಗೆ ಆಹಾರ. ಆ ಅಂಟಿನ ಮೇಲೇ ಕಪ್ಪು ಬೂಷ್ಟು ಬೆಳೆಯುವುದು. ಇರುವೆಗಳು ಹೇನನ್ನು ಹಸು ಸಾಕಿದಂತೆ ಸಾಕುತ್ತವೆ, ಅದನ್ನು ತಿನ್ನಲು ಬಂದ ಗುಲಗಂಜಿ ಹುಳುವನ್ನು ಓಡಿಸುತ್ತವೆ. ಕುಂಡವನ್ನು ನೀರು ತುಂಬಿದ ತಟ್ಟೆಯ ಮಧ್ಯೆ, ಇಟ್ಟಿಗೆಯ ಮೇಲಿಡಿ, ಇರುವೆ ದಾರಿ ಕಟ್ಟಾಗುತ್ತದೆ. ತಟ್ಟೆಯ ನೀರನ್ನು ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆಗೆ ಮನೆ ಮಾಡಿಕೊಟ್ಟಂತೆ. ಕಪ್ಪು ಚುಕ್ಕೆಯ ಕೆಂಪು ಗುಲಗಂಜಿ ಹುಳು ಕಂಡರೆ ಆ ಕೊಂಬೆಗೆ ಸೋಪು ಹೊಡೆಯಬೇಡಿ, ಅದು ನಿಮ್ಮ ಪರ ಕೆಲಸ ಮಾಡುತ್ತಿದೆ.

ಇಂಥ ಮಿತ್ರ ಕೀಟಗಳ ಶಕ್ತಿ ಸಣ್ಣದಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆ ದಕ್ಷಿಣದ ಪಪ್ಪಾಯಿ, ಹಿಪ್ಪುನೇರಳೆ ತೋಟಗಳನ್ನು ಹಾಳುಗೆಡವಿತು. ಅದನ್ನು ಹತೋಟಿಗೆ ತಂದದ್ದು 2010ರಲ್ಲಿ ಬೆಂಗಳೂರಿನ ಕೀಟ ಸಂಸ್ಥೆಯ ವಿಜ್ಞಾನಿಗಳು ಬಿಟ್ಟ, ಕಣ್ಣಿಗೆ ಕಾಣದಷ್ಟು ಪುಟ್ಟ ಪರೋಪಜೀವಿ ಕಣಜ.

ದೊಡ್ಡ ಕಂಬಳಿಹುಳ, ಗಟ್ಟಿ ಬೆನ್ನಿನ ಜೀರುಂಡೆಗೆ ಸೋಪು ಅಷ್ಟಾಗಿ ನಾಟುವುದಿಲ್ಲ. ಅವನ್ನು ಕೈಯಿಂದ ಆರಿಸಿ ತೆಗೆಯಬೇಕು.

*ಇವನ್ನು ಬೆರೆಸಲೇಬೇಡಿ*

ವಿನೆಗರ್, ನಿಂಬೆರಸ: ಹುಳಿ ಬಿದ್ದ ಕೂಡಲೇ ಸೋಪು ಒಡೆದು ಎಣ್ಣೆಯ ಅಂಶ ಬೇರೆಯಾಗುತ್ತದೆ. ಎರಡೂ ದಂಡ.

ಬ್ಲೀಚ್, ಟಾಯ್ಲೆಟ್ ಕ್ಲೀನರ್: ಇವೆರಡು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಶ್ವಾಸಕೋಶಕ್ಕೆ ನೇರ ಪೆಟ್ಟು.

ಹೊಗೆಸೊಪ್ಪಿನ ನೀರು: ನಿಪ್ಪಾಣಿ, ಹುಣಸೂರು ಕಡೆಯವರಿಗೆ ಇದು ಹಳೆಯ ಪರಿಚಯ. ಅದರಲ್ಲಿರುವ ನಿಕೋಟಿನ್ ಚರ್ಮದ ಮೂಲಕ ರಕ್ತಕ್ಕೆ ಸೇರುತ್ತದೆ. ಒದ್ದೆ ಎಲೆ ಕೊಯ್ಯುವ ಕೂಲಿಕಾರರಿಗೆ ತಲೆಸುತ್ತು, ವಾಂತಿ ಬರುವುದು ಇದರಿಂದಲೇ. ಎದೆಬಡಿತ, ಬಿಪಿ ಎರಡನ್ನೂ ಏರಿಸುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು ಇದನ್ನು ಮುಟ್ಟಲೂಬಾರದು. ಹೊಗೆಸೊಪ್ಪಿನಿಂದ ಮೆಣಸು, ಟೊಮೆಟೊ ಗಿಡಕ್ಕೆ ಮೊಸಾಯಿಕ್ ವೈರಸ್ ಬೇರೆ ಅಂಟಬಹುದು.

ಕಣಗಿಲೆ, ಉಮ್ಮತ್ತಿ ಕಷಾಯ: ದಶಪರ್ಣಿ ಕಷಾಯದ ಕೆಲವು ವಿಧಾನಗಳಲ್ಲಿ ಈ ಎಲೆಗಳನ್ನು ಹೇಳುತ್ತಾರೆ. ಕಣಗಿಲೆಯಲ್ಲಿರುವುದು ಡಿಗಾಕ್ಸಿನ್ ಮಾತ್ರೆಯ ಜಾತಿಯದೇ ವಿಷ. ಅದು ಹೃದಯದ ತಾಳವನ್ನೇ ಕೆಡಿಸುತ್ತದೆ, ಕುದಿಸಿದರೂ ಹೋಗುವುದಿಲ್ಲ. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯ, ಪ್ರಸಾದದಲ್ಲಿ ಕಣಗಿಲೆ ಹೂವನ್ನು ಕೈಬಿಟ್ಟಿತು. ಉಮ್ಮತ್ತಿ ಎದೆಬಡಿತ ಓಡಿಸುತ್ತದೆ, ಬುದ್ಧಿಭ್ರಮೆ ತರುತ್ತದೆ. ಅಡುಗೆಮನೆಯ ಪಾತ್ರೆಯಲ್ಲಿ ಇವನ್ನು ಕುದಿಸುವ ಮಾತೇ ಬೇಡ. "ಮನೆಯಲ್ಲೇ ಮಾಡಿದ್ದು" ಎಂದ ಮಾತ್ರಕ್ಕೆ ಅದು ನಿರಪಾಯ ಆಗುವುದಿಲ್ಲ.

*ಹಿರಿಯರು ಗಮನಿಸಿ*

ಸೋಪಿನ ನೀರು ವಿಷವಲ್ಲ, ಆದರೆ ಬಾಲ್ಕನಿಯ ಟೈಲ್ಸ್ ಮೇಲೆ ಬಿದ್ದರೆ ಜಾರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆಗೆ ಸಣ್ಣ ಪೆಟ್ಟಾದರೂ ಒಳಗೆ ರಕ್ತಸ್ರಾವ ಆಗಬಹುದು. ಕೆಳಗೆ ಹಳೆಯ ಗೋಣಿಚೀಲ ಹಾಸಿ, ಮುಗಿದ ಮೇಲೆ ನೆಲ ತೊಳೆಯಿರಿ. ಸ್ಟೂಲ್ ಹತ್ತಬೇಡಿ. ಬಿಪಿ ಮಾತ್ರೆ, ಮೂತ್ರ ಹೋಗುವ ಮಾತ್ರೆ ತೆಗೆದುಕೊಳ್ಳುವವರು ಬಗ್ಗಿ ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬರಬಹುದು. ಕೂತು ಕೆಲಸ ಮಾಡಿ, ಏನಾದರೂ ಹಿಡಿದು ನಿಧಾನವಾಗಿ ಏಳಿ. ಗಾಳಿ ನಿಮ್ಮ ಕಡೆ ಬೀಸುತ್ತಿದ್ದರೆ ಹೊಡೆಯಬೇಡಿ, ಕಣ್ಣು, ಗಂಟಲು ಉರಿಯುತ್ತದೆ.

*ವಿಷ ತಾಗಿತು ಎನಿಸಿದರೆ*

ಯಾರಿಗಾದರೂ ಕೀಟನಾಶಕ ಮೈಮೇಲೆ ಚೆಲ್ಲಿದರೆ ಬಟ್ಟೆ ಕಳಚಿ, ಸೋಪು ಹಚ್ಚಿ ಧಾರಾಳ ನೀರಿನಿಂದ ತೊಳೆಯಿರಿ, ನೀವು ಗ್ಲೌಸ್ ಹಾಕಿಕೊಳ್ಳಿ. ನುಂಗಿದ್ದರೆ ವಾಂತಿ ಮಾಡಿಸಬೇಡಿ, ಹಾಲು, ಉಪ್ಪುನೀರು ಕುಡಿಸಬೇಡಿ. 112ಕ್ಕೆ ಫೋನ್ ಮಾಡಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಬಾಟಲಿಯನ್ನು, ಆಗದಿದ್ದರೆ ಲೇಬಲ್ಲಿನ ಫೋಟೋವನ್ನು ಜೊತೆಗೆ ಒಯ್ಯಿರಿ. ಯಾವ ವಿಷ ಎಂದು ಗೊತ್ತಾದರೆ ಅಟ್ರೋಪಿನ್‌ನಂಥ ಮದ್ದು ಬೇಗ ಶುರುವಾಗುತ್ತದೆ, ಜೀವ ಉಳಿಯುವುದು ಆ ಬೇಗದಲ್ಲೇ.

ಈ ಭಾನುವಾರ ಅಟ್ಟ, ಸಿಂಕಿನ ಕೆಳಗೆ, ಬಾಲ್ಕನಿಯ ಮೂಲೆ ಒಮ್ಮೆ ನೋಡಿ. ಹಳೆಯ ಔಷಧಿ ಸಿಕ್ಕರೆ ಮೋರಿಗೆ ಸುರಿಯಬೇಡಿ, ಬಾಟಲಿ ತೊಳೆದು ಎಣ್ಣೆ ತುಂಬಬೇಡಿ, ರದ್ದಿಯವರಿಗೂ ಕೊಡಬೇಡಿ. ಮುಚ್ಚಳ ಬಿಗಿಮಾಡಿ, ಕವರಿನಲ್ಲಿ ಸುತ್ತಿ "ವಿಷ" ಎಂದು ಬರೆದು, ನಗರಪಾಲಿಕೆಯ ಅಪಾಯಕಾರಿ ಕಸದ ವಿಭಾಗಕ್ಕೆ ಬೇರೆಯಾಗಿ ಕೊಡಿ. ಆ ಜಾಗದಲ್ಲಿ ಒಂದು ಸ್ಪ್ರೇ ಬಾಟಲಿ, ಒಂದು ಚೂರು ಸೋಪು ಇಡಿ.

ಗಿಡ ಇಟ್ಟುಕೊಂಡಿರುವ ನಿಮ್ಮ ಬಂಧುಗಳಿಗೂ, ಮುಖ್ಯವಾಗಿ ಮನೆಯಲ್ಲಿ ಮೊಮ್ಮಕ್ಕಳಿರುವ ಅಜ್ಜ-ಅಜ್ಜಿಯರಿಗೂ ಇದನ್ನು ಕಳಿಸಿ.