ಪಾಯಿಂಟ್ ಬಾಡಿಗೆಗೆ ಕೊಟ್ಟರೆ ದುಡ್ಡು ಬರುತ್ತಾ?

ಎಂ.ಎಸ್. ಮಾಡೋಕೆ ಅಂತ ಅಮೆರಿಕಕ್ಕೆ ಹೋಗಿ, ಅಲ್ಲೇ ಕೆಲಸಕ್ಕೆ ಸೇರಿ, ರಜೆಗೆ ಫ್ಲೋರಿಡಾದ ಒರ್ಲಾಂಡೊ ನೋಡಲು ಹೋಗುವವರು ನಮ್ಮ ಸೀನಿಯರ್‌ಗಳಲ್ಲಿ ಬೇಕಾದಷ್ಟು ಜನ. ಆ ಊರಲ್ಲಿ ಡಿಸ್ನಿ ಪಾರ್ಕುಗಳ ಜೊತೆಗೆ ಇನ್ನೊಂದೂ ಸಿಗುತ್ತದೆ, ಟೈಮ್‌ಶೇರ್ ಮಾರುವವರ ಮಾತು. ತಿಂಡಿ ಫ್ರೀ, ಟಿಕೆಟ್ ಅಗ್ಗ, ಒಂದೂವರೆ ಗಂಟೆ ಕೂತು ಕೇಳಿದರೆ ಸಾಕು ಅಂತಾರೆ. ಕೇಳುವವನು ಸ್ವಲ್ಪ ಹಿಂದೇಟು ಹಾಕಿದರೆ ಕೊನೆಯ ಬಾಣ ಹೊರಬರುತ್ತದೆ: "ನೀವು ಬರದ ವರ್ಷ ಪಾಯಿಂಟ್ ಬಾಡಿಗೆಗೆ ಕೊಡಿ, ಹಾಕಿದ ದುಡ್ಡು ತಾನಾಗೇ ವಾಪಸ್ ಬರುತ್ತೆ."

ಈ ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೇ ಇದನ್ನು ಬಿಡಿಸಿ ನೋಡಬೇಕು. ಕ್ಯಾಲ್ಕುಲೇಟರ್ ಹೇಗೂ ನಮ್ಮ ಬ್ಯಾಗಲ್ಲೇ ಇರುತ್ತಲ್ಲ!

ಪಾಯಿಂಟ್ ಅಂದರೆ ಏನು?

ಹಳೆಯ ಟೈಮ್‌ಶೇರ್ ಸರಳವಾಗಿತ್ತು. ಒಂದು ರೆಸಾರ್ಟ್‌ನಲ್ಲಿ ವರ್ಷಕ್ಕೊಂದು ವಾರ ನಿಮ್ಮದು, ಅಷ್ಟೇ. 1991ರಲ್ಲಿ ಶುರುವಾದ ಡಿಸ್ನಿ ವೆಕೇಶನ್ ಕ್ಲಬ್ ವಾರದ ಬದಲು ಪಾಯಿಂಟ್ ಮಾರಿತು. ಕೊಂಡವರಿಗೆ ಪ್ರತಿ ವರ್ಷ ಇಂತಿಷ್ಟು ಪಾಯಿಂಟ್ ಸಿಗುತ್ತದೆ. ಕ್ರಿಸ್‌ಮಸ್ ವಾರಕ್ಕೆ ಹೆಚ್ಚು ಪಾಯಿಂಟ್ ಬೇಕು, ಜನ ಕಡಿಮೆ ಇರುವಾಗ ಅದೇ ರೂಮಿಗೆ ಕಡಿಮೆ ಸಾಕು. ಈ ವರ್ಷದ್ದನ್ನು ಮುಂದಿನ ವರ್ಷಕ್ಕೆ ಉಳಿಸಬಹುದು, ಮುಂದಿನ ವರ್ಷದ್ದನ್ನು ಈಗಲೇ ಎರವಲು ತರಬಹುದು. ತಮ್ಮದೇ ರೆಸಾರ್ಟ್ ಆದರೆ 11 ತಿಂಗಳು ಮೊದಲೇ ಬುಕ್ ಮಾಡಬಹುದು, ಕ್ಲಬ್ಬಿನ ಬೇರೆ ರೆಸಾರ್ಟ್ ಆದರೆ 7 ತಿಂಗಳು ಮೊದಲು.

ಬಾಡಿಗೆ ಅಂದರೆ, ಮಾಲೀಕ ತನ್ನ ಪಾಯಿಂಟ್ ಬಳಸಿ ಬೇರೆಯವರ ಹೆಸರಲ್ಲಿ ರೂಮ್ ಬುಕ್ ಮಾಡಿಕೊಟ್ಟು ಪಾಯಿಂಟಿಗಿಷ್ಟು ಅಂತ ದುಡ್ಡು ತಗೊಳ್ಳುವುದು. ಹೋಟೆಲ್ ದರಕ್ಕಿಂತ ಅಗ್ಗ ಆಗುವುದರಿಂದ ಗಿರಾಕಿಗಳೂ ಇರುತ್ತಾರೆ.

ಮೊದಲ ಲೆಕ್ಕ

ಲೆಕ್ಕಕ್ಕಾಗಿ ಕೆಲವು ಸಂಖ್ಯೆ ಊಹಿಸಿಕೊಳ್ಳೋಣ. 150 ಪಾಯಿಂಟ್, ಒಂದಕ್ಕೆ 150 ಡಾಲರ್. ಒಟ್ಟು 22,500 ಡಾಲರ್. ಇದರ ಮೇಲೆ ಪ್ರತಿ ವರ್ಷ ನಿರ್ವಹಣಾ ಶುಲ್ಕ ಪಾಯಿಂಟಿಗೆ 9 ಡಾಲರ್, ಅಂದರೆ 1,350. ಪಾಯಿಂಟಿಗೆ 18 ಡಾಲರ್‌ನಂತೆ ಬಾಡಿಗೆಗೆ ಕೊಟ್ಟರೆ 2,700. ಕಳೆದರೆ ಕೈಗೆ ಉಳಿಯೋದು 1,350.

22,500ಕ್ಕೆ 1,350 ಅಂದರೆ ಶೇ. 6. ಮಾರುವವರ ಕಾಗದದಲ್ಲಿ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ಬ್ಯಾಂಕ್ ಎಫ್‌ಡಿ ಥರ ಇದೆಯಲ್ಲ ಅನ್ನಿಸುತ್ತದೆ. ಆದರೆ ಎಫ್‌ಡಿ ಮುಗಿದಾಗ ಅಸಲು ವಾಪಸ್ ಬರುತ್ತೆ. ಇಲ್ಲಿ?

ಇದು ಭೋಗ್ಯವಲ್ಲ

ಬೆಂಗಳೂರಲ್ಲಿ ಮನೆ ಭೋಗ್ಯಕ್ಕೆ ಹಾಕಿಸಿಕೊಳ್ಳುವುದು ನಮಗೆಲ್ಲ ಗೊತ್ತು. ಒಟ್ಟಿಗೆ ಇಷ್ಟು ಲಕ್ಷ ಕೊಟ್ಟು, ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಪೂರ್ತಿ ದುಡ್ಡು ವಾಪಸ್ ಪಡೆಯುತ್ತೇವೆ. ಡಿಸ್ನಿ ಪಾಯಿಂಟ್ ಕೂಡ ಒಂದು ಗುತ್ತಿಗೆಯೇ, ಆದರೆ ತಿರುಗಾಮುರುಗಾ. ಮೊದಲೇ ದುಡ್ಡು ಕೊಡಬೇಕು, ವರ್ಷ ವರ್ಷ ಶುಲ್ಕವನ್ನೂ ಕಟ್ಟಬೇಕು, ಅವಧಿ ಮುಗಿದ ದಿನ ಏನೂ ವಾಪಸ್ ಬರೋದಿಲ್ಲ. ಮೊದಲ ರೆಸಾರ್ಟ್ ಆದ ಓಲ್ಡ್ ಕೀ ವೆಸ್ಟ್‌ನ ಮೂಲ ಒಪ್ಪಂದಗಳು 2042ರ ಜನವರಿಗೆ ಮುಗಿಯುತ್ತವೆ. 2019ರಲ್ಲಿ ತೆರೆದ ರಿವಿಯೇರಾದ ಒಪ್ಪಂದಗಳು 2070ಕ್ಕೆ.

ಹಾಗಾದರೆ ಕೈಗೆ ಬರುವ 1,350ರಲ್ಲಿ ಒಂದು ಭಾಗ ಲಾಭವೇ ಅಲ್ಲ, ನಮ್ಮದೇ ಅಸಲು ಕಂತುಗಳಲ್ಲಿ ಮರಳುತ್ತಿರುವುದು. ಎಂಜಿನಿಯರಿಂಗ್ ಎಕನಾಮಿಕ್ಸ್‌ನಲ್ಲಿ ಓದುವ ಐಆರ್‌ಆರ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಪ್ಪಂದ 40 ವರ್ಷ ಬಾಕಿ ಇದ್ದರೆ ಆ ಶೇ. 6 ನಿಜದಲ್ಲಿ ಸುಮಾರು 5.2. ಬರೀ 20 ವರ್ಷ ಬಾಕಿ ಇದ್ದರೆ ಸುಮಾರು 1.8! ಅವಧಿ ಕಡಿಮೆ ಉಳಿದ ಪಾಯಿಂಟ್ ಮರುಮಾರಾಟದಲ್ಲಿ ಅಗ್ಗಕ್ಕೆ ಸಿಗುವುದು ಸುಮ್ಮನೆ ಅಲ್ಲ.

ಎರಡು ದೊಡ್ಡ ಸಂಖ್ಯೆಗಳ ವ್ಯತ್ಯಾಸ

ಲ್ಯಾಬ್‌ನಲ್ಲಿ ಎರಡು ದೊಡ್ಡ ರೀಡಿಂಗ್ ಕಳೆದು ಚಿಕ್ಕ ಉತ್ತರ ತೆಗೆಯುವಾಗ ದೋಷದ ಪ್ರಮಾಣ ದೊಡ್ಡದಾಗುತ್ತದೆ ಅಲ್ವಾ? ಇಲ್ಲೂ ಅದೇ ಕಥೆ. ಬಾಡಿಗೆ ದರ ಶೇ. 10 ಇಳಿದು 16.20 ಆದರೆ, ಉಳಿಕೆ 9ರಿಂದ 7.20ಕ್ಕೆ ಬರುತ್ತದೆ. ಅಂದರೆ ಶೇ. 20 ಇಳಿಕೆ. ಬಾಡಿಗೆ ಎಷ್ಟೇ ಇರಲಿ, ಶುಲ್ಕವಂತೂ ಇಳಿಯೋದಿಲ್ಲ.

ಇನ್ನೂ ಒಂದು. ಶುಲ್ಕ ವರ್ಷಕ್ಕೆ ಶೇ. 4 ಏರಿ, ಬಾಡಿಗೆ ಶೇ. 2 ಏರಿತು ಅಂದುಕೊಳ್ಳಿ. 20 ವರ್ಷದ ನಂತರ ಬಾಡಿಗೆ ಸುಮಾರು 26.75 ಡಾಲರ್, ಶುಲ್ಕ 19.70. ಬಾಡಿಗೆ ಅಷ್ಟು ಏರಿದರೂ ಉಳಿಯೋದು 7 ಡಾಲರ್ ಚಿಲ್ಲರೆ, ಶುರುವಿನ 9ಕ್ಕಿಂತ ಕಡಿಮೆ. ಅದೂ ಆ ಕಾಲದ ಡಾಲರ್‌ನಲ್ಲಿ.

ಟೊಮೆಟೊ ಥರದ ಸರಕು

ಪಾಯಿಂಟ್ ಬಾಳಿಕೆ ಬರುವ ಆಸ್ತಿಯಲ್ಲ, ಕೋಲಾರದ ಟೊಮೆಟೊ ಥರ. ಹೊತ್ತಿಗೆ ಸರಿಯಾಗಿ ಮಾರದಿದ್ದರೆ ಕೊಳೆಯುತ್ತೆ. ಬುಕ್ ಮಾಡಿದ ರೂಮನ್ನು 30 ದಿನದೊಳಗೆ ರದ್ದು ಮಾಡಿದರೆ ಪಾಯಿಂಟ್ ಬೇರೆ ಖಾತೆಗೆ ಹೋಗುತ್ತದೆ, ಅದರಿಂದ ಮುಂದಿನ 60 ದಿನದೊಳಗಿನ ದಿನಗಳಿಗೆ ಮಾತ್ರ ಬುಕ್ ಮಾಡಬಹುದು. 2020ರ ಮಾರ್ಚ್‌ನಲ್ಲಿ ಒರ್ಲಾಂಡೊದ ಡಿಸ್ನಿ ಪಾರ್ಕುಗಳು ಮುಚ್ಚಿ, ಜುಲೈವರೆಗೆ ತೆರೆಯಲಿಲ್ಲ. ಬಾಡಿಗೆದಾರರು ಬರಲಿಲ್ಲ, ಶುಲ್ಕ ಮಾತ್ರ ನಿಲ್ಲಲಿಲ್ಲ.

ಮಧ್ಯವರ್ತಿಯ ಪಾಲು, ತೆರಿಗೆ, ಗಿರಾಕಿ ಹುಡುಕುವ ಶ್ರಮ, ಇವನ್ನು ನಾವು ಲೆಕ್ಕಕ್ಕೇ ತಗೊಂಡಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಈ ಕ್ಲಬ್ಬಿನ ಒಪ್ಪಂದ ಪಾಯಿಂಟ್‌ಗಳನ್ನು ವ್ಯಾಪಾರಕ್ಕಾಗಿ ಬಳಸುವುದನ್ನು ಒಪ್ಪೋದಿಲ್ಲ. ಆಗೊಮ್ಮೆ ಈಗೊಮ್ಮೆ ಕೊಡುವುದು ಬೇರೆ, ಅದನ್ನೇ ಕಸುಬು ಮಾಡಿಕೊಳ್ಳುವುದು ಬೇರೆ. ಇದನ್ನು ಹೂಡಿಕೆ ಅಂತ ತಿಳಿದು ಕೊಳ್ಳಬೇಡಿ ಎಂಬರ್ಥದ ಮಾತು ಫ್ಲೋರಿಡಾದ ಟೈಮ್‌ಶೇರ್ ದಾಖಲೆಗಳಲ್ಲೇ ಇರುತ್ತದೆ. ಬಾಯಲ್ಲಿ ಹೇಳೋದು ಒಂದು, ಕಾಗದದಲ್ಲಿ ಇರೋದು ಇನ್ನೊಂದು.

ಹಾಗಾದರೆ ಯಾರಿಗೆ ಅನುಕೂಲ?

ಈಗಾಗಲೇ ಪಾಯಿಂಟ್ ಇದ್ದು, ಈ ವರ್ಷ ಹೋಗಲಾಗದವರಿಗೆ. ಅವರು ಶುಲ್ಕವನ್ನು ಹೇಗೂ ಕಟ್ಟಲೇಬೇಕು. ಬಾಡಿಗೆಗೆ ಕೊಟ್ಟರೆ 2,700, ಸುಮ್ಮನಿದ್ದರೆ ಸೊನ್ನೆ. ಅಂಥವರು ಧಾರಾಳವಾಗಿ ಕೊಡಲಿ. ಆದರೆ "ಇರುವುದನ್ನು ಬಾಡಿಗೆಗೆ ಕೊಡಲಾ?" ಮತ್ತು "ಬಾಡಿಗೆಗೆ ಕೊಡೋಕೆ ಅಂತ ಕೊಳ್ಳಲಾ?" ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಹೌದು ಅನ್ನುವ ಉತ್ತರವನ್ನು ತಂದು ಎರಡನೆಯದಕ್ಕೆ ಅಂಟಿಸುವುದೇ ಮಾರುವವರ ಜಾಣತನ.

ಡಿಸ್ನಿ ಪಾಯಿಂಟ್‌ಗಾದರೂ ಮರುಮಾರಾಟದಲ್ಲಿ ಒಂದು ಬೆಲೆ ಇದೆ. ಅಮೆರಿಕದ ಎಷ್ಟೋ ಟೈಮ್‌ಶೇರ್‌ಗಳನ್ನು ಒಂದು ಡಾಲರ್‌ಗೆ ಕೊಡ್ತೀವಿ ಅಂದರೂ ತಗೊಳ್ಳೋರಿಲ್ಲ. ಕೊಂಡವರಿಗೆ ವಾರ್ಷಿಕ ಶುಲ್ಕ ಗಂಟುಬೀಳುತ್ತದೆಯಲ್ಲ, ಅದಕ್ಕೆ.

ಇದು ಅಮೆರಿಕದ ಕಥೆ, ನಮಗ್ಯಾಕೆ ಅನ್ನಬೇಡಿ. 1996ರಲ್ಲಿ ಶುರುವಾದ ಮಹೀಂದ್ರ ಹಾಲಿಡೇಸ್‌ನ 25 ವರ್ಷದ ಸದಸ್ಯತ್ವದಂಥವು ನಮ್ಮಲ್ಲೂ ಇವೆ, ಅವುಗಳಿಗೂ ವಾರ್ಷಿಕ ಶುಲ್ಕ ಇದೆ. ಪ್ರತಿ ವರ್ಷ ತಪ್ಪದೆ ಮನೆಮಂದಿಯೆಲ್ಲ ಪ್ರವಾಸ ಹೋಗುವವರಿಗೆ ಅದು ಸರಿಹೋಗಬಹುದು. ಅದು ಪ್ರವಾಸದ ಖರ್ಚು, ಹಾಗಂತಲೇ ಲೆಕ್ಕ ಹಾಕಬೇಕು.

ಪ್ಲೇಸ್‌ಮೆಂಟ್ ಆಗಿ ಮೊದಲ ಸಂಬಳ ಬಂದ ಮೇಲೆ ಇಂಥ ಕರೆ ನಮಗೂ ಬರುತ್ತೆ, ಅಪ್ಪ ಅಮ್ಮನಿಗೂ ಬರುತ್ತೆ. ಆಗ ನಾಲ್ಕು ಪ್ರಶ್ನೆ ಕೇಳೋಣ. ಒಪ್ಪಂದ ಯಾವ ವರ್ಷ ಮುಗಿಯುತ್ತೆ? ಕಳೆದ ಹತ್ತು ವರ್ಷದಲ್ಲಿ ಶುಲ್ಕ ಎಷ್ಟು ಏರಿದೆ? ಬಾಡಿಗೆಗೆ ಕೊಡಬಹುದು ಅಂತ ಒಪ್ಪಂದದಲ್ಲಿ ಎಲ್ಲಿ ಬರೆದಿದೆ? ಸಹಿ ಹಾಕಿದ ಮೇಲೆ ಎಷ್ಟು ದಿನದೊಳಗೆ ರದ್ದು ಮಾಡಬಹುದು? ಫ್ಲೋರಿಡಾ ಕಾನೂನು ಕೊಡುವುದು 10 ದಿನ. "ಇವತ್ತೇ ಸಹಿ ಹಾಕಿದರೆ ಮಾತ್ರ ಈ ರೇಟು" ಅಂದರೆ, ತಿಂಡಿ ಮುಗಿಸಿ, ಥ್ಯಾಂಕ್ಸ್ ಹೇಳಿ ಎದ್ದು ಬರುವುದೇ ಲಾಭ.